ಕಿಟಕಿ ಪಕ್ಕದ ಸೀಟು

ಲೇ ಕೋತಿ,

ನೀನು ನನ್ನ ಬ್ಲಾಕ್ ಮಾಡಿದ್ದೀಯ, ಇದು ನಿನಗೆ ತಲುಪಲ್ಲ. ಆದ್ರೂ ಹೇಳ್ತೀನಿ. ಇವತ್ತು ನಮ್ಮ ವಿಮಾನದ ಟಿಕೆಟ್ ಆಫೀಸಿಗೆ ಇಬ್ಬರು ಹುಡುಗಿಯರು ಬಂದಿದ್ರು. ನಮ್ಮ ಸಿಂಗರ್ ಶೋ ಇರೋ ಊರಿಗೇ ಹೋಗ್ಬೇಕಂತೆ.

"ಎಷ್ಟು ದೂರ ಅಕ್ಕಾ?"

ಸ್ಕ್ರೀನ್ ಕೂಡ ನೋಡದೆ, "ಮೂರು ಸಾವಿರದ ಇನ್ನೂರು ಕಿಲೋಮೀಟರ್, ನಾಲ್ಕು ಗಂಟೆ ಐವತ್ತು ನಿಮಿಷ" ಅಂದೆ. ಎರಡು ವರ್ಷ ನಾವಿಬ್ರೂ ಚಾಟಲ್ಲಿ, ಕಿಟಕಿ ಸೀಟು ಯಾವಾಗ ಯಾರಿಗೆ ಅನ್ನೋವರೆಗೂ, ಪ್ಲಾನ್ ಮಾಡಿದ್ದು ಮರೆತುಹೋಗುತ್ತಾ? ನೀನು ಮಾತ್ರ ಆ ಗುಂಗುರು ಕೂದಲಿನವಳ ಜೊತೆ ಹೋದೆ. ನೀನು ನಮ್ಮ ಫ್ಯಾನ್ ಗ್ರೂಪಿಗೆ ಹಾಕಿದ ಫೋಟೋನ ಜೂಮ್ ಮಾಡಿ ನೋಡಿದ್ರೆ, ಕಿಟಕಿ ಪಕ್ಕ ಅವಳೇ. ಹೊಟ್ಟೆ ಉರಿದು ಎಲ್ಲರೆದುರಿಗೇ ಬಾಯಿಗೆ ಬಂದಿದ್ದು ಬರೆದುಬಿಟ್ಟೆ.

"ನೀವು ಹೋಗಿದ್ದೀರಾ ಅಕ್ಕಾ?"

"ಹೂಂ, ಗೆಳತಿ ಜೊತೆ. ಹೋಗುವಾಗ ಕಿಟಕಿ ಅವಳಿಗೆ, ಬರುವಾಗ ನನಗೆ."