‘ಹಿಂಬದಿ ನೋಡಿ’ ಎಂದು ಅಚ್ಚು ಹಾಕಿಸಿದವರಿಗೆ

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ಎರಡು ವರ್ಷದ ಹಿಂದೆ ನಿಮ್ಮ ಕಚೇರಿ ಹಂಚಿದ ಕೀಟನಾಶಕದ ಕರಪತ್ರಕ್ಕೆ ಎರಡು ಮುಖ ಇರಬೇಕಿತ್ತು. ಇದ್ದದ್ದು ಒಂದೇ. ಯಾವ ಯಾವ ಹಣ್ಣು, ಸೊಪ್ಪು, ತರಕಾರಿಯ ಮೇಲೆ ವಿಷದ ಅಂಶ ಉಳಿದಿರಬಹುದು ಎಂದು ಮೊದಲ ಮುಖದಲ್ಲಿ ಕೆಂಪಕ್ಷರದ ಪಟ್ಟಿ ಕೊಟ್ಟಿದ್ದಿರಿ. ಪಟ್ಟಿಯ ಕೆಳಗೆ, ‘ಹಾಗಾದರೆ ಏನು ಮಾಡಬೇಕು? ಹಿಂಬದಿ ನೋಡಿ’ ಎಂದಿತ್ತು. ಹಿಂಬದಿ ನೋಡಿದರೆ ಬರೀ ಬಿಳಿ ಹಾಳೆ. ಜನರನ್ನು ಹೆದರಿಸಲು ಒಂದು ಪುಟ ಖರ್ಚು ಮಾಡಿದ ನೀವು ಧೈರ್ಯ ಹೇಳಲು ಇನ್ನೊಂದು ಪುಟ ಯಾಕೆ ಕೊಡಲಿಲ್ಲ ಎಂಬುದೇ ನನ್ನ ದೂರು.

ಇದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಆ ಕರಪತ್ರವನ್ನು ಅಚ್ಚು ಹಾಕಿದವನೇ ನಾನು. ಮುದ್ರಣಾಲಯದ ಎರಡನೇ ಯಂತ್ರದ ಮುಂದೆ ಮೂವತ್ತೊಂದು ವರ್ಷ ನಿಂತಿದ್ದೇನೆ. ಮೊದಲ ಹಾಳೆ ಹೊರಬಂದ ಕೂಡಲೇ ತಿರುಗಿಸಿ ನೋಡುವುದು ನಮ್ಮ ಕೆಲಸದ ಅಭ್ಯಾಸ. ತಿರುಗಿಸಿದೆ, ಯಂತ್ರ ನಿಲ್ಲಿಸಿದೆ, ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನಿಮ್ಮ ಗುಮಾಸ್ತರು, “ಹಿಂದಿನ ಪುಟ ಸಾಹೇಬ್ರ ಸಹಿಗೆ ಹೋಗಿದೆ ಕಣ್ರೀ. ಬಂದಷ್ಟನ್ನ ಹಾಕಿ, ತಲೆಹರಟೆ ಬೇಡ” ಎಂದರು. ಹಾಗಾದರೆ ‘ಹಿಂಬದಿ ನೋಡಿ’ ಅನ್ನುವುದನ್ನಾದರೂ ತೆಗೆಯಲೇ ಎಂದೆ. “ಒಂದಕ್ಷರ ಮುಟ್ಟಿದ್ರೆ ನೋಡಿ!” ಎಂದರು. ನಾನು ಮುಟ್ಟಲಿಲ್ಲ. ಹೇಳಿದಷ್ಟು ಮಾಡುವುದನ್ನೇ ನಿಷ್ಠೆ ಎಂದುಕೊಂಡು ಬದುಕಿದವನು ನಾನು. ನಲವತ್ತು ಸಾವಿರ ಹಾಳೆಗಳು ಏನೂ ಇಲ್ಲದ ಕಡೆಗೆ ಬೆರಳು ತೋರಿಸುತ್ತ ಊರಿಗೆ ಹೊರಟವು.

ಊರಿನವರು ಜಾಣರು. ಕೆಲವರು ಹಿಂಬದಿಯಲ್ಲಿ ಮಕ್ಕಳಿಗೆ ಲೆಕ್ಕ ಬರೆಸಿದರು. ಮಾರುಕಟ್ಟೆಯ ತರಕಾರಿಯಾಕೆ ಅದರಲ್ಲೇ ಹಸಿಮೆಣಸಿನಕಾಯಿ ಕಟ್ಟಿಕೊಟ್ಟಳು. ಆ ಮೆಣಸಿನಕಾಯಿಯೂ ನಿಮ್ಮ ಪಟ್ಟಿಯಲ್ಲಿತ್ತು. ದಡ್ಡನೆಂದರೆ ನಾನೊಬ್ಬನೇ. ಒಂದು ಪ್ರತಿಯನ್ನು ಮನೆಗೆ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಮನೆಯಲ್ಲಿದ್ದದ್ದು ನಾನು ಮತ್ತು ಅಕ್ಕ, ಇಬ್ಬರೇ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನ್ನ ಚಡ್ಡಿಗೆ ಗುಂಡಿ ಹೊಲಿಯುವುದರಿಂದ ಶುರು ಮಾಡಿ, ಮುಂದೆ ಅದೇ ಸೂಜಿಯಿಂದ ದರ್ಜಿಯಾಗಿ ನನ್ನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ ಅವಳು ನನ್ನನ್ನು ತೋರಿಸಿ ತಪ್ಪಿಸಿಕೊಂಡಳು, ನಾನು ಅವಳನ್ನು ತೋರಿಸಿ ತಪ್ಪಿಸಿಕೊಂಡೆ. ಹೀಗೆ ಎರಡು ಕೋಣೆ, ಒಂದು ನಲ್ಲಿಯ ಮನೆಯಲ್ಲಿ ನಮ್ಮ ಆಯಸ್ಸು ಕಳೆಯಿತು. ಕರಪತ್ರ ಬಂದ ವರ್ಷವೇ ಅವಳಿಗೆ ಕಾಯಿಲೆ ಬಂತು. ಮೊದಲೇ ಸೋತ ಮೈ, ಅದರ ಮೇಲೆ ವಿಷ ಬೇರೆಯೇ ಎಂದು ಹೆದರಿದೆ.

ತೊಳೆಯಲು ಶುರು ಮಾಡಿದೆ. ಉಪ್ಪುನೀರಾಯಿತು, ಬಿಸಿನೀರಾಯಿತು, ಕೊನೆಗೆ ಪಾತ್ರೆ ತೊಳೆಯುವ ಸೋಪೂ ಆಯಿತು. ಸೇಬಿನ ಹೋಳು ಬಾಯಿಗಿಟ್ಟ ಅಕ್ಕ, “ಇದೇನೋ, ಅಂಗಿ ಅಗಿದ ಹಾಗಿದೆ” ಎಂದು ಉಗಿದಳು. ಸೊಪ್ಪನ್ನು ಬಿಸಿನೀರಿನಲ್ಲಿ ಎಷ್ಟು ಹೊತ್ತು ನೆನೆಸಿಟ್ಟೆನೆಂದರೆ ತಾನು ಸೊಪ್ಪು ಎನ್ನುವುದು ಅದಕ್ಕೇ ಮರೆತುಹೋಗಿತ್ತು. ಒಂದು ಭಾನುವಾರ ಚಮಚದ ತುದಿಯಿಂದ ದ್ರಾಕ್ಷಿಯ ಸಿಪ್ಪೆ ಸುಲಿಯುತ್ತ ಕೂತೆ. ಅಕ್ಕ ಮಂಚದಿಂದಲೇ ನಕ್ಕಳು: “ದ್ರಾಕ್ಷಿಗೂ ಕ್ಷೌರ ಮಾಡ್ತಿದೀಯೇನೋ? ಮೂವತ್ತು ವರ್ಷ ಶಾಯಿ ಹೋಗ್ಲಿ ಅಂತ ಸೀಮೆಎಣ್ಣೇಲಿ ಕೈ ತೊಳ್ಕೊಂಡು ಉಂಡೋನು ನೀನು. ಈಗ ದ್ರಾಕ್ಷಿ ನೋಡಿ ಹೆದರ್ತೀಯಾ?”

ನಾನು ನಗಲಿಲ್ಲ. ಆರು ಹಣ್ಣು ಸುಲಿಯುವಷ್ಟರಲ್ಲಿ ಬೇಸತ್ತು ಉಳಿದದ್ದನ್ನು ಚೆಲ್ಲಿದೆ. ಅಲ್ಲಿಂದ ಮುಂದೆ ಪಟ್ಟಿಯಲ್ಲಿದ್ದ ಯಾವುದನ್ನೂ ಮನೆಗೆ ತರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ನಾನು ನನ್ನ ಮೂಗು ಬಿಟ್ಟು ಅಕ್ಕನದನ್ನು ಕೊಯ್ದೆ. ಅನ್ನ, ಬೇಳೆ, ಬ್ರೆಡ್ಡು ಇಷ್ಟರಲ್ಲೇ ಏಳು ತಿಂಗಳು ಕಳೆದವು. ಅವಳು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು: “ನಾಕು ದ್ರಾಕ್ಷಿ ತಾರೋ. ಬಾಯೆಲ್ಲ ಕಹಿ.” ನಾನು ಗೋಡೆಯ ಮೇಲಿನ ಪಟ್ಟಿ ತೋರಿಸುತ್ತಿದ್ದೆ. “ದೇವರು ಕೊಟ್ರೂ ಪೂಜಾರಿ ಕೊಡ” ಎಂದು ಮಗ್ಗುಲು ತಿರುಗಿ ಮಲಗುತ್ತಿದ್ದಳು. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಳು. ನಾನು ಅದನ್ನು ಗೆಲುವು ಎಂದುಕೊಂಡೆ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹೆಂಗಸು ಅವಳ ತೂಕ ನೋಡಿ, “ಹಣ್ಣು, ತರಕಾರಿ ತಿಂತಾರಾ?” ಎಂದು ಕೇಳಿದರು. ನಾನು ಹೆಮ್ಮೆಯಿಂದ ಇಲ್ಲವೆಂದೆ. “ಯಾರು ಬೇಡ ಅಂದಿದ್ದು?” “ಸರ್ಕಾರ” ಎಂದೆ. ಆಕೆ ಪೆನ್ನು ಕೆಳಗಿಟ್ಟು ಹೇಳಿದ್ದು ಇಷ್ಟು: “ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೀರಿ. ಸೋಪು ಬೇಡವೇ ಬೇಡ. ಗಟ್ಟಿ ಸಿಪ್ಪೇದಕ್ಕೆ ಬ್ರಷ್ ಹಾಕಿ. ಸುಲಿಯೋದಿದ್ರೂ ಮೊದಲು ತೊಳೆದು ಸುಲೀರಿ. ಕೋಸಿನ ಹೊರಗಿನ ಎಲೆ ಬಿಸಾಕಿ. ದಿನಾ ಒಂದನ್ನೇ ತಿನ್ನದೆ ಬದಲಾಯಿಸ್ತಾ ಇರಿ. ಪೂರ್ತಿ ಹೋಗಲ್ಲ, ಸಾಕಷ್ಟು ಕಮ್ಮಿ ಆಗುತ್ತೆ. ತಿನ್ನೋದನ್ನ ಮಾತ್ರ ನಿಲ್ಲಿಸ್ಬೇಡಿ. ತಿಂದರೆ ಆಗೋ ಒಳ್ಳೇದೇ ದೊಡ್ಡದು.”

ಅರ್ಧ ನಿಮಿಷದ ಮಾತು. ಅದೇ ನಿಮ್ಮ ಎರಡನೇ ಪುಟ, ಮಾನ್ಯರೇ. ಅದಕ್ಕೆ ಸಹಿ ಹಾಕಲು ಎಷ್ಟು ಶಾಯಿ ಬೇಕಿತ್ತು? ನಮ್ಮ ಯಂತ್ರದ ಪಕ್ಕದ ಡಬ್ಬಿಯಲ್ಲಿ ಧಾರಾಳವಾಗಿತ್ತು, ಒಂದು ಮಾತು ಹೇಳಿದ್ದರೆ ತಂದುಕೊಡುತ್ತಿದ್ದೆ.

ಅವತ್ತು ಸಂಜೆಯೇ ದ್ರಾಕ್ಷಿ ತಂದೆ, ಆಕೆ ಹೇಳಿದಂತೆಯೇ ತೊಳೆದೆ. ಅಷ್ಟರಲ್ಲಿ ಅಕ್ಕನಿಗೆ ನುಂಗುವುದೇ ಕಷ್ಟವಾಗಿತ್ತು. ಒಂದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು, ಆಮೇಲೆ ನನ್ನ ಅಂಗೈಗೆ ಉಗಿದಳು. “ಚೆನ್ನಾಗಿದೆ ಕಣೋ. ನೀನು ತಿನ್ನು” ಎಂದಳು. ಹದಿಮೂರು ದಿನಕ್ಕೆ ಹೋದಳು. ಸುಳ್ಳು ಹೇಳಲಾರೆ, ಅವಳು ಸತ್ತದ್ದು ಕಾಯಿಲೆಯಿಂದ. ಹಣ್ಣು ತಿಂದಿದ್ದರೆ ಉಳಿಯುತ್ತಿದ್ದಳು ಎಂದು ಯಾವ ವೈದ್ಯರೂ ಹೇಳಲಿಲ್ಲ. ಆದರೆ ಏಳು ತಿಂಗಳು ಆಸೆಪಟ್ಟು, ತಮ್ಮನಿಂದಲೇ ಇಲ್ಲ ಅನ್ನಿಸಿಕೊಂಡು ಹೋದಳು. ಆ ಪಾಪದಲ್ಲಿ ನಿಮ್ಮ ಪಾಲು ನಿಮಗೆ, ನನ್ನ ಪಾಲು ನನಗೆ. ನನ್ನ ಪಾಲನ್ನು ನಾನು ಈ ಎರಡು ಕೋಣೆಗಳಲ್ಲಿ ದಿನಾ ಉಣ್ಣುತ್ತಿದ್ದೇನೆ. ಈಗ ಬೈಯುವವರೂ ಇಲ್ಲ, ನಗುವವರೂ ಇಲ್ಲ. ನಲ್ಲಿ ತಿರುಗಿಸಿದರೆ ಆ ಸದ್ದೇ ಮನೆಯಲ್ಲಿ ದೊಡ್ಡದು.

ಇನ್ನೊಂದು ಮಾತಿದೆ. ಹೊಲದಲ್ಲಿ ಸಿಂಪಡಿಸುವಾಗ ಯಾವ ಔಷಧ, ಎಷ್ಟು, ಕೊಯ್ಲಿಗೆ ಎಷ್ಟು ದಿನ ಮೊದಲು ಎಂದು ನೋಡಬೇಕಾದವರು ಯಾರು? ಲಾರಿಯಿಂದ ಇಳಿಸುವಾಗ ಪರೀಕ್ಷಿಸಬೇಕಾದವರು ಯಾರು? ಅಷ್ಟೂ ಜನ ಕೈ ತೊಳೆದುಕೊಂಡ ಮೇಲೆ ಹಣ್ಣು ತೊಳೆಯುವ ಭಾರ ನಮ್ಮ ನಲ್ಲಿಯ ಮೇಲೆ ಬಿತ್ತೇ? ಹೆದರಿಸಿದಿರಿ, ಹೊಣೆ ಮಾತ್ರ ಹೊರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಉತ್ತರ ಹೇಳುವವರು ಯಾರೂ ಸಿಗದೆ ಒಮ್ಮೆ ಮಾರುಕಟ್ಟೆಯ ತರಕಾರಿಯಾಕೆಯ ಮೇಲೆ ರೇಗಿದ್ದೆ. “ನಾವೂ ಇದನ್ನೇ ತಿನ್ನೋದಣ್ಣ, ನಮಗೇನು ಬೇರೆ ಬೆಳೀತಾರಾ?” ಎಂದಳು. ನಾನು ಚೀಲ ಎತ್ತಿಕೊಂಡು ಬಂದೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಎರಡನೇ ಪುಟ ಯಾವ ಕಡತದಲ್ಲಿ ಮಲಗಿದೆಯೋ ಹುಡುಕಿಸಿ, ಈ ತಿಂಗಳೊಳಗೆ ಸಹಿ ಹಾಕಿ. ‘ತಿನ್ನುವುದನ್ನು ನಿಲ್ಲಿಸಬೇಡಿ’ ಎಂಬ ಸಾಲು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ. ಮಾರುಕಟ್ಟೆಗೆ ಬಂದ ಮಾಲಿನ ಪರೀಕ್ಷೆಯ ಫಲಿತಾಂಶವನ್ನು ಅದು ಮಾರಾಟವಾಗುವ ಮೊದಲೇ ಬಾಗಿಲಲ್ಲಿ ಅಂಟಿಸಿ. ನಾನು ನಿವೃತ್ತನಾಗಿದ್ದರೂ ಯಂತ್ರ ನಡೆಸಲು ಬರುತ್ತೇನೆ, ಈ ಸಲ ಹಿಂಬದಿ ಖಾಲಿ ಇದ್ದರೆ ಮಾತ್ರ ಯಾರು ಗದರಿದರೂ ಗುಂಡಿ ಒತ್ತುವುದಿಲ್ಲ.

ಅಚ್ಚಾದ ಮೇಲೆ ಗೌರವ ಪ್ರತಿಯೆಂದು ನನಗೆ ಕಳಿಸಬೇಡಿ. ನಮ್ಮ ಮನೆಯಲ್ಲಿ ತೊಳೆದುಕೊಟ್ಟದ್ದನ್ನು ತಿನ್ನುವವರು ಯಾರೂ ಉಳಿದಿಲ್ಲ. ಇನ್ನೂ ಯಾರಾದರೂ ಮಂಚದ ಮೇಲಿಂದ ‘ನಾಕು ದ್ರಾಕ್ಷಿ ತಾರೋ’ ಎಂದು ಕೇಳುತ್ತಿರುವ ಮನೆಗೆ ಅದನ್ನು ಮೊದಲು ಕಳಿಸಿ.

ಇಂತಿ,
ನಿಮ್ಮ ಅರ್ಧ ಮಾತನ್ನು ಪೂರ್ತಿ ನಂಬಿದ,
ಎರಡನೇ ಯಂತ್ರದ ಮಾಜಿ ಮುದ್ರಕ