ಕಂಬ ಕೊಟ್ಟವಳ ಹೆಸರು

ಹಾರೋಹಳ್ಳಿ
೧೮-೧೧-೧೯೮೪

ಚಿ. ವೆಂಕಟಲಕ್ಷ್ಮಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವು ಕ್ಷೇಮ. ನೀನು ಮೈಸೂರಿನ ಹಾಸ್ಟೆಲ್‌ನಿಂದ ಬರೆದ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಟೂರಿನಿಂದ ಬಂದ ಮೇಲೆ ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ತಾಲ್ಲೂಕಿಗೇ ಒಳ್ಳೆಯ ರೇಷ್ಮೆಗೂಡು ಬೆಳೆದವರೆಂದು ಬೆಳೆಗಾರರ ಸಂಘದವರು ನಿಮ್ಮಪ್ಪನಿಗೆ ಬಹುಮಾನ ಕೊಟ್ಟು, ನಮ್ಮಿಬ್ಬರನ್ನೂ ಪುಣೆ ಕಡೆ ಕರೆದುಕೊಂಡು ಹೋದದ್ದು ನಿನಗೆ ಗೊತ್ತೇ ಇದೆ. ನಿಮ್ಮಪ್ಪನಿಗೆ! ಬೀಡಿ ಸೇದಿಕೊಂಡು ಬರುತ್ತಾರೆಂದು ನಾನು ಹುಳದ ಮನೆಯೊಳಗೇ ಬಿಡದ ಮಹಾರಾಯರಿಗೆ!

ಬಸ್ಸಿನಲ್ಲಿ ಚನ್ನಪಟ್ಟಣದ ರೈತರೊಬ್ಬರು, "ಮುನಿರಾಮಯ್ಯ, ನಾಕನೇ ಜ್ವರ ಎದ್ಮೇಲೆ ಎಷ್ಟು ದಿನ ಸೊಪ್ಪು ಹಾಕ್ತೀಯಾ?" ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ತಿರುಗಿದೆ. "ಒಂದ್ ಮೂರು ದಿನ" ಅಂದರು! ಬಸ್ಸಿಗೆ ಬಸ್ಸೇ ನಕ್ಕಿತು. ನಾಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ಹುಳ ವಾರ ಪೂರ್ತಿ ಹೊಟ್ಟೆ ತುಂಬ ತಿನ್ನದೆ ಗೂಡು ಕಟ್ಟುತ್ತದೆಯೇ?

ಮಾರನೇ ದಿನ ಬೆಟ್ಟ ಕೊರೆದು ಮಾಡಿರುವ ಬೌದ್ಧ ಗುಡಿಗೆ ಹೋದೆವು. ಎರಡು ಸಾವಿರ ವರ್ಷದ್ದಂತೆ. ಒಳಗೆ ತಂಪು, ಉದ್ದಕ್ಕೂ ಎರಡು ಸಾಲು ಕಂಬ. ರಾಜ ಇದನ್ನು ಕೊಟ್ಟ, ರಾಜ ಅದನ್ನು ಮಾಡಿಸಿದ ಅಂತ ಗೈಡ್ ಹಿಂದಿಯಲ್ಲಿ ಒದರುತ್ತಿದ್ದ. ಸಂಘದ ಕಾರ್ಯದರ್ಶಿ ಲಕ್ಷ್ಮಯ್ಯನವರು ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಉಳಿ ಹಿಡ್ದೋರ ಹೆಸ್ರಿಲ್ವಾ ಸ್ವಾಮಿ? ಎಲ್ಲಾನೂ ರಾಜನೇ ಮಾಡುದ್ನಾ?" ಎಂದೆ.

"ಸುಮ್ಕಿರವ್ವ, ಯಾರ ಹೆಸ್ರು ಐತೋ ಅವ್ರುದ್ದೇ ಗುಡಿ" ಅಂದರು ಲಕ್ಷ್ಮಯ್ಯನವರು. ನಿಮ್ಮಪ್ಪ "ಹೂಂ" ಎಂದು ತಲೆಯಾಡಿಸಿದರು.

ಗೈಡ್‌ಗೆ ಏನನ್ನಿಸಿತೋ, ಒಂದು ಕಂಬದ ಬರಹ ಓದಿ ಹೇಳಿದ. ಯಾವನೋ ಗೃಹಸ್ಥನ ಹೆಂಡತಿ ಕೊಟ್ಟ ಕಂಬವಂತೆ. ಅವಳ ಹೆಸರೂ ಇತ್ತು. ಆ ಅಕ್ಷರದ ಮೇಲೆ ಕೈಯಿಟ್ಟು ಎಲ್ಲರೆದುರೂ ಅತ್ತುಬಿಟ್ಟೆ. ರಾಜರ ಕಾಲದಲ್ಲೇ ಹೆಂಗಸಿನ ಹೆಸರು ಬರೆದರಲ್ಲ, ಈಗಿನವರಿಗೆ ಏನು ಬಂದಿದೆ ರೋಗ?

ಇರಲಿ. ಪರೀಕ್ಷೆ ಹತ್ತಿರ ಬಂತು, ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ನಾಗಲಕ್ಷ್ಮಮ್ಮ

ವಿ.ಸೂ.: ಬರೆಯಬಾರದು ಅಂದುಕೊಂಡಿದ್ದೆ. ಊರಿಗೆ ಬಂದ ಮೇಲೆ ಸಂಘಕ್ಕೇ ಹೋಗಿ ಜಗಳಕ್ಕೆ ನಿಂತೆ. ಲಕ್ಷ್ಮಯ್ಯನವರು "ನಮ್ ಮ್ಯಾಲೆ ಯಾಕವ್ವ ರೇಗ್ತೀಯಾ? ಅರ್ಜೀಲಿ ಹೆಂಗೈತೋ ಹಂಗೇ ಕೊಟ್ಟಿದ್ದೀವಿ" ಎಂದು ಬಹುಮಾನದ ಅರ್ಜಿಯನ್ನು ಮುಂದಿಟ್ಟರು. ಹುಳ ಸಾಕಿದವರು: ಮುನಿರಾಮಯ್ಯ. ಹೆಂಡತಿಯ ಕೆಲಸ: ಏನೂ ಇಲ್ಲ. ನಿಮ್ಮಪ್ಪನಿಗೆ ರುಜು ಹಾಕುವುದಷ್ಟೇ ಬರುತ್ತದೆ. ಮಿಕ್ಕಿದ್ದೆಲ್ಲ ನಿನ್ನ ಅಕ್ಷರ, ಮಗಳೇ.