ಅವನು ಅಯ್ಯೋ ಅಂದಾಗ

ಜೂನ್ 9, ಸೋಮವಾರ. ಮಧ್ಯಾಹ್ನ 2.10

ಊಟದ ಡಬ್ಬಿ ಇನ್ನೂ ತೊಳೆದಿಲ್ಲ. ಹೊರಗೆ ಬೆಂಚಿನ ಮೇಲೆ ಒಂದು ಮೊಣಕಾಲು, ಎರಡು ಎದೆ ಕಾಯುತ್ತಿವೆ. ಎರಡು ನಿಮಿಷ ಕಾಯಲಿ. ಇದನ್ನು ಬರೆದು ಹಾಕದಿದ್ದರೆ ಮುಂದಿನ ಎಕ್ಸ್‌ರೇಯಲ್ಲಿ ನನ್ನ ಹೊಟ್ಟೆಯುರಿಯೇ ಮೂಡೀತು.

ಸೋತೆ. ಅದೂ ಲ್ಯಾಬ್‌ನವನ ಕೈಯಲ್ಲಿ. ರಕ್ತ ತೆಗೆಯುವುದು ಅವನ ಕೆಲಸ. ಊಟದ ಹೊತ್ತಿನಲ್ಲೂ ಬಿಡುವುದಿಲ್ಲ.

ತಲಾ ಐದು ನಿಮಿಷದ ಚೆಸ್; ತನ್ನ ಸಮಯ ಮುಗಿದವರು ಸೋತಂತೆ. ನನ್ನದೇ ಮೇಲುಗೈ. ಅವನು ಆನೆಯನ್ನು ತಂದು ಸೀದಾ ನನ್ನ ಮಂತ್ರಿಯ ಬಾಯಿಗಿಟ್ಟ. ಇಟ್ಟವನೇ "ಅಯ್ಯೋ!" ಎಂದು ತಲೆಯ ಮೇಲೆ ಕೈ ಹೊತ್ತ. ಎಂಥ ಅಯ್ಯೋ! ಮನೆಗೆ ಬೆಂಕಿ ಬಿದ್ದವರೂ ಹಾಗೆ ಕೂಗುವುದಿಲ್ಲ. ಹಿಂದೆಮುಂದೆ ನೋಡದೆ ಹೊಡೆದೆ. ಮಂತ್ರಿ ಕಾಯುತ್ತಿದ್ದ ಹಿಂದಿನ ಸಾಲು ಖಾಲಿಯಾಯಿತು. ಅವನ ಇನ್ನೊಂದು ಆನೆ ಅಲ್ಲಿಗೆ ಇಳಿಯಿತು—ಚೆಕ್‌ಮೇಟ್.

"ಅಯ್ಯೋ ಅಕ್ಕಾ, ನೋಡ್ಕೊಳ್ಲಿಲ್ವಾ?" ಅಂತ ಬೇರೆ ಕೇಳುತ್ತಾನೆ. ಗಾಯದ ಮೇಲೆ ಬರೆ.

ಮೂರರಲ್ಲಿ ಎರಡು ಗೆದ್ದವರಿಗೆ ಆಸ್ಪತ್ರೆ ತಂಡದಲ್ಲಿ ನಾಲ್ಕನೇ ಕುರ್ಚಿ. ಉಳಿದ ಮೂರು ಭರ್ತಿ. ಇಪ್ಪತ್ತೆರಡಕ್ಕೆ ಇನ್ನೊಂದು ಆಸ್ಪತ್ರೆಯವರ ಜೊತೆ ಪಂದ್ಯ. ಆ ಕುರ್ಚಿ ನನಗೆ ಬೇಕು. ಇಷ್ಟು ವರ್ಷ ನೆಲಮಾಳಿಗೆಯಲ್ಲಿ ಎಲುಬು ನೋಡುತ್ತಾ ಕೂತಿದ್ದೇನೆ. ಮೇಲಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬಂದದ್ದು ಒಂದೇ ಸಲ—ಲೇಟಾಗಿ ಬರುವವರ ಪಟ್ಟಿಯಲ್ಲಿ.

ಅದೇ ದಿನ, ಸಂಜೆ

ಈರುಳ್ಳಿ ಹೆಚ್ಚುವ ಸದ್ದಿಗೇ ಅತ್ತೆ ಎದ್ದು ಬಂದರು. "ಯಾರನ್ನ ಹೆಚ್ತಾ ಇದ್ದೀಯಮ್ಮಾ?" ಎಂದರು. ಎಲ್ಲ ಹೇಳಿದೆ.

"ಅವನು ಅಯ್ಯೋ ಅಂದ್ರೆ ನಿಂಗೇನು? ನೀನೇನು ಅವನ ಹೆತ್ತ ತಾಯಿನಾ, ಓಡಿ ಹೋಗೋಕೆ?"

"ಅದು ಮೋಸ ಅಲ್ವಾ ಅತ್ತೆ?"

"ಮೋಸಾನೇ. ಆದ್ರೆ ಕೈ ಯಾರದು?"

ನನ್ನ ಪರ ಮಾತಾಡುವವರು ಈ ಮನೆಯಲ್ಲಿ ಒಬ್ಬರೂ ಇಲ್ಲ. ಇವರು ಟಿವಿಯಿಂದ ಕಣ್ಣು ಕೀಳದೆ "ಆಟ ತಾನೆ, ಬಿಡೆ" ಎಂದರು. ಇವರ ಕ್ರಿಕೆಟ್ ಮಾತ್ರ ಧರ್ಮಯುದ್ಧ.

ಜೂನ್ 11, ಬುಧವಾರ

ಗೆದ್ದೆ! ಒಂದಕ್ಕೊಂದು ಸಮ.

ಪೇಷಂಟ್‌ಗಳಿಗೆ ದಿನಾ ಹೇಳುವುದನ್ನೇ ನನಗೂ ಹೇಳಿಕೊಂಡೆ—ಉಸಿರು ಬಿಗಿಹಿಡೀರಿ, ಅಲುಗಾಡಬೇಡಿ. ಎರಡೂ ಕೈ ತೊಡೆಯ ಕೆಳಗೆ. ಅವನು ಅಯ್ಯೋ ಅಂದ. ಅಯ್ಯಯ್ಯೋ ಅಂದ. ತುಟಿ ಕಚ್ಚಿಕೊಂಡು ಮುಲುಗಿದ. ಬಲೆಗೆಂದು ಇಟ್ಟ ಕುದುರೆಯನ್ನು ನಾನು ಮುಟ್ಟಲೇ ಇಲ್ಲ. ಆಮೇಲೆ ಅದಕ್ಕೆ ಓಡಲು ದಾರಿಯಿಲ್ಲದಾಗ ಕಾಲಾಳಿನಿಂದ ಹೊಡೆದೆ. ಮುಖ ನೋಡಬೇಕಿತ್ತು.

ಪಾಠ ಕಲಿತೆ. ಅವನು ಅಯ್ಯೋ ಅಂದ ಕಡೆ ತಲೆ ಹಾಕಿಯೂ ಮಲಗಬಾರದು. ಅಷ್ಟೇ.

ಜೂನ್ 12

ಆದರೂ ಬಿಡುವುದೇಕೆ? ಕ್ಯಾಪ್ಟನ್‌ಗೆ ದೂರು ಕೊಟ್ಟೆ. ಕ್ಯಾಪ್ಟನ್ ಎಂದರೆ ನಮ್ಮ ಫಿಸಿಯೋಥೆರಪಿಯವರು; ಎಲ್ಲರ ಕುತ್ತಿಗೆ ತಿರುಗಿಸಿ ತಿರುಗಿಸಿ ಅವರ ಮಾತೂ ನಿಧಾನ. ಲ್ಯಾಬ್‌ನವನನ್ನು ಕರೆಸಿ, ಆಡುವಾಗ ಬಾಯಿ ಬಿಡಬಾರದು ಎಂದರು. ಅವನು ತುಟಿಯ ಮೇಲೆ ಬೆರಳಿಟ್ಟುಕೊಂಡ. ಸಾಧು ಪ್ರಾಣಿ!

"ಮತ್ತೆ ಹಾಗೆ ಮಾಡಿದ್ರೆ ಕ್ಲಾಕ್ ನಿಲ್ಸಿ ನನ್ನ ಕರೀರಿ ಮೇಡಂ. ನಿಮ್ಗೆ ಒಂದು ನಿಮಿಷ ಜಾಸ್ತಿ ಕೊಡ್ತೀನಿ."

ನ್ಯಾಯ ಎಂದರೆ ಇದು.

ಜೂನ್ 13, ಶುಕ್ರವಾರ

ಬರೆಯುವುದಿಲ್ಲ.

ಜೂನ್ 17, ಮಂಗಳವಾರ. ಸಂಜೆ

ಪಟ್ಟಿ ಅಂಟಿಸಿದ್ದಾರೆ. ನಾಲ್ಕನೆಯ ಹೆಸರು ಅವನದು. ದಪ್ಪ ಅಕ್ಷರ. ಬರೆದೇಬಿಡುತ್ತೇನೆ.

ಶುಕ್ರವಾರ. ಚೆನ್ನಾಗಿ ಆಡುತ್ತಿದ್ದೆ. ನನಗೆ ಒಂದೂವರೆ ನಿಮಿಷ ಉಳಿದಿತ್ತು, ಅವನಿಗೆ ಇನ್ನೂ ಕಡಿಮೆ. ಅವನು ಮಂತ್ರಿಯನ್ನು ಸರಿಸಿ ಕ್ಲಾಕಿನ ಗುಂಡಿ ಒತ್ತಿದ; ಇನ್ನು ನನ್ನ ಸರದಿ. ಒತ್ತಿದವನೇ... "ಅಯ್ಯೋ."

ಮೈಯೆಲ್ಲ ಉರಿದುಹೋಯಿತು. ನಿನ್ನೆ ತಾನೆ ಮಾತು ಕೊಟ್ಟವನು! ಎದ್ದು ನಿಂತು ಕ್ಯಾಪ್ಟನ್ ಕಡೆ ತಿರುಗಿದೆ. "ಕೇಳಿಸ್ತಾ ಸಾರ್? ಈಗ ಏನಂತೀರಿ?" ಅವರು "ಮೇಡಂ, ಕ್ಲಾಕ್..." ಎಂದರು. ನನ್ನ ಮಾತಿಗೆ ಅಡ್ಡ ಬರುತ್ತಿದ್ದಾರೆ ಅನ್ನಿಸಿತು. ಸೋಮವಾರದಿಂದ ಶುರುಮಾಡಿ ಎಲ್ಲ ಹೇಳಿದೆ—ಆ ಆನೆ, ಆ ಕುದುರೆ, ಆ ಮುಲುಗಾಟ. ಅವರು "ಕ್ಲಾಕ್, ಕ್ಲಾಕ್" ಎಂದು ಕೈ ತೋರಿಸುತ್ತಲೇ ಇದ್ದರು. ಮಾತು ಮುಗಿಸದೆ ಬಿಡುವ ಹೆಣ್ಣು ನಾನಲ್ಲ.

ಮುಗಿಸಿದೆ. ಕ್ಲಾಕ್ ಕೂಡ ಮುಗಿದಿತ್ತು. ನನ್ನದು.

ಕ್ಯಾಂಟೀನೆಲ್ಲ ನನ್ನ ಕಡೆಗೇ ತಿರುಗಿತ್ತು. "ನಿಲ್ಸಿ ಕರೀರಿ ಅಂದಿದ್ದೆ ಮೇಡಂ" ಎಂದರು ಆ ಮಹಾನುಭಾವರು. ಕೈ ಚಾಚಿ ಒಂದು ಗುಂಡಿ ಒತ್ತಲು ಅವರಿಗೇನು ಧಾಡಿ? "ಆಡ್ತಿರೋದು ನೀವು" ಅಂತೆ.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ಈಗ ಮಗಳ ಬೋರ್ಡಿನ ಮೇಲೆ ಕಾಯಿಗಳನ್ನು ಹಾಗೆಯೇ ಜೋಡಿಸಿ ನೋಡಿದೆ. ಅವನ ಮಂತ್ರಿ ಬಿಟ್ಟಿ ನಿಂತಿತ್ತು. ಬಲೆ ಇಲ್ಲ, ಕಾವಲಿಲ್ಲ, ಏನೂ ಇಲ್ಲ. ನನ್ನ ಒಂಟೆ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅದು ನಿಜವಾದ ಅಯ್ಯೋ. ಬಾಯಿ ತಪ್ಪಿ ಬಂದದ್ದು.

ಮೊದಲ ದಿನ ಅವನ ಬಾಯಿ ನಂಬಿ ಸೋತೆ. ಶುಕ್ರವಾರ ಅವನ ಬಾಯಿ ನಂಬದೆ ಸೋತೆ. ಎರಡು ದಿನವೂ ಬೋರ್ಡು ನೋಡಲಿಲ್ಲ. ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲು ಕುರ್ಚಿಯೇ ಹೋಗಬೇಕಿತ್ತೇ? ನಾಚಿಕೆಯಾಗುತ್ತದೆ. ಸಿಟ್ಟು ಅದಕ್ಕಿಂತ ಹೆಚ್ಚು.

ಅತ್ತೆ ಬಂದು ಬೋರ್ಡು ನೋಡಿದರು. ಈರುಳ್ಳಿ ತಾವೇ ಹೆಚ್ಚಲು ಕೂತರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಜೂನ್ 21, ಶನಿವಾರ. ಮಧ್ಯಾಹ್ನ 1.50

ನಾಳೆ ಪಂದ್ಯ. ವಾರವಿಡೀ ಕ್ಯಾಂಟೀನ್ ಕಡೆ ಸುಳಿದಿರಲಿಲ್ಲ. ಇವತ್ತು ಅವನೇ ನೆಲಮಾಳಿಗೆಗೆ ಇಳಿದು ಬಂದ. ಕಂಕುಳಲ್ಲಿ ಬೋರ್ಡು, ಕೈಯಲ್ಲಿ ಕ್ಲಾಕ್.

"ಅಕ್ಕಾ, ಒಂದಾಟ ಆಡೋಣ. ಭಯ ಆಗ್ತಿದೆ."

"ನಿಂಗೇನಪ್ಪಾ ಭಯ? ಒಂದ್ಸಲ ಅಯ್ಯೋ ಅನ್ನು, ಎಲ್ರೂ ಬಿದ್ದುಹೋಗ್ತಾರೆ."

"ಅಲ್ಲಿ ಅದೆಲ್ಲ ನಡೆಯಲ್ಲ ಅಕ್ಕಾ. ಅದಿಲ್ದೆ ಆಡೋಕೆ ನಂಗೆ ಬರಲ್ಲ."

ಏನು ಧೈರ್ಯ! ನನ್ನ ಕುರ್ಚಿ ಕಿತ್ತುಕೊಂಡು ನನ್ನ ಹತ್ತಿರವೇ ಪಾಠಕ್ಕೆ ಬಂದಿದ್ದಾನೆ. ನಾಲ್ಕು ಮಾತು ಅನ್ನಬೇಕೆಂದೇ ಎದುರು ಕೂತೆ. ಕೂತ ಮೇಲೆ ಆಡಿದೆ. ಅಭ್ಯಾಸಬಲ, ಅವನು ಅಯ್ಯೋ ಅಂದ. ಒಮ್ಮೆ ಹೊಡೆದೆ, ಒಮ್ಮೆ ಬಿಟ್ಟೆ. ಎರಡು ಸಲವೂ ಹಿಂದಿನ ಸಾಲಿನಲ್ಲಿ ಯಾರಿದ್ದಾರೆ ಎಂದು ನೋಡಿಯೇ ಕೈ ಎತ್ತಿದ್ದು. ಆಡಿದ್ದಷ್ಟೂ ಗೆದ್ದೆ.

"ನಿಜ ಹೇಳ್ತೀನಿ ಅಕ್ಕಾ, ಆ ಜಾಗ ನಿಮ್ದೇ" ಎಂದ. ಈಗ ಹೇಳುತ್ತಾನೆ! ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವನ ಅವಸರ ಎಲ್ಲೆಲ್ಲಿ ಎಂದು ಒಂದೊಂದೇ ನಡೆ ಹಿಂದಿಟ್ಟು ತೋರಿಸಿದೆ. ತಲೆಯಾಡಿಸಿದ. ಬಾಯಿ ಮುಚ್ಚಿಕೊಂಡು ಆಡು ಎಂದು ಬೈದು ಕಳಿಸಿದೆ.

ಹೊರಗೆ ಕೈ ಮುರಿದುಕೊಂಡ ಮಗುವೊಂದು ಅಳುತ್ತಿದೆ. ಹೋಗಬೇಕು. ನನ್ನ ಕುರ್ಚಿಯಲ್ಲಿ ಕೂತುಕೊಂಡು ಅವನು ನಾಳೆ ಸೋತು ಬರಲಿ, ಇದೆ ಅವನಿಗೆ. ಅವನನ್ನು ಸೋಲಿಸುವುದಿದ್ದರೆ ನಾನು ಸೋಲಿಸಬೇಕು. ಬೇರೆ ಯಾವನಾದರೂ ಅವನ ಮೈ ಮುಟ್ಟಿದರೆ ನಾನು ಸುಮ್ಮನಿರುವವಳಲ್ಲ.